ಕಡಲ ಚಿತ್ರಕ್ಕೆ ಹೊರಡುವ ಮೊದಲು ಕ್ಯಾಲೆಂಡರ್ ನೋಡಿ

ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ ಹೋದರೆ ಕಡಲು. ವಾರಕ್ಕೊಮ್ಮೆಯಾದರೂ ಹೋಗುತ್ತೀರಿ. ಮೊಬೈಲಿನಲ್ಲಿ ಸೂರ್ಯಾಸ್ತದ ಚಿತ್ರಗಳು ರಾಶಿ ಬಿದ್ದಿವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳಲು ನಿಮಗೇ ಬಾರದು. ನಡುವೆ ಒಂದು ಬಿಳಿ ಚುಕ್ಕೆ, ಸುತ್ತ ಕಿತ್ತಳೆ, ಕೆಳಗೆ ಕಪ್ಪು. ಬೆಂಗಳೂರಿನಿಂದ ಎರಡು ದಿನಕ್ಕೆಂದು ಬಂದವರು ಅದೇ ಮಲ್ಪೆಯ, ಅದೇ ಕಾಪುವಿನ ಚಿತ್ರ ಹಾಕಿದಾಗ ‘ಇದು ನಮ್ಮೂರೇನಾ?’ ಅನಿಸುತ್ತದೆ. ಹಾಗನಿಸಿದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಫೋನಿನ, ಹೊಸ ಲೆನ್ಸಿನ ಬೆಲೆ ವಿಚಾರಿಸುವುದು.

ಅದಕ್ಕೆ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ತೀರದಲ್ಲಿ ಚಿತ್ರ ಹೇಗೆ ಬರುತ್ತದೆ ಎಂಬುದು ಮುಖ್ಯವಾಗಿ ಮೂರು ಸಂಗತಿಗಳ ಮೇಲೆ ನಿಂತಿದೆ: ನೀರು ಎಲ್ಲಿಯವರೆಗೆ ಬಂದಿದೆ, ಸೂರ್ಯಚಂದ್ರರು ಎಲ್ಲಿ ಮುಳುಗುತ್ತಾರೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ. ಮೊದಲ ಎರಡರ ಸುಳಿವು ತಿಥಿ ತಿಂಗಳುಗಳಲ್ಲೇ ಇದೆ, ಮೂರನೆಯದರದ್ದು ಹೊತ್ತಿನಲ್ಲಿದೆ. ಪ್ರವಾಸಿಗೆ ಸಿಕ್ಕ ದಿನವೇ ದಿನ. ಊರಿನವರಾದ ನೀವು ದಿನವನ್ನು ಆರಿಸಬಹುದು. ಆ ಅನುಕೂಲವನ್ನು ಬಳಸುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗಳೆಲ್ಲ ಉಳ್ಳಾಲದಿಂದ ಕಾರವಾರದವರೆಗಿನ ನಮ್ಮ ಸುಮಾರು 320 ಕಿಲೋಮೀಟರ್ ತೀರದವು.

ಬೆಳಿಗ್ಗೆಯ ಕಡಲನ್ನು ಯಾರೂ ನೋಡುವುದಿಲ್ಲ

ನಮ್ಮ ಕಡಲು ಪಡುವಣಕ್ಕಿದೆ. ಸಂಜೆ ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ನೇರ ನಮ್ಮ ಕಣ್ಣಿಗೇ ಬೀಳುತ್ತದೆ. ದೋಣಿ, ಬಂಡೆ, ಮನುಷ್ಯ ಎಲ್ಲರ ಬೆಳಗಿದ ಮಗ್ಗುಲು ಆಚೆಗಿರುತ್ತದೆ, ಕತ್ತಲ ಮಗ್ಗುಲು ನಮ್ಮ ಕಡೆಗೆ. ಎಲ್ಲವೂ ಕಪ್ಪಾಗುವುದಕ್ಕೆ ಕಾರಣ ಇಷ್ಟೇ. ಕ್ಯಾಮೆರಾದ ದೋಷವಲ್ಲ.

ಬೆಳಿಗ್ಗೆ ಇದು ಪೂರ್ತಿ ತಿರುವುಮುರುವು. ಸೂರ್ಯ ಘಟ್ಟದ ಕಡೆಯಿಂದ, ನಿಮ್ಮ ಬೆನ್ನ ಹಿಂದಿನಿಂದ ಏಳುತ್ತಾನೆ. ದೋಣಿಯ ಬಣ್ಣ, ತೆರೆಯ ನೊರೆ, ದ್ವೀಪದ ಬಂಡೆ ಎಲ್ಲಕ್ಕೂ ಎದುರಿನಿಂದ ಬೆಳಕು. ಕಡಲು ಕಪ್ಪು ಬಿಟ್ಟು ಹಸಿರುನೀಲಿಗೆ ಬರುವುದು ಈ ಹೊತ್ತಿನಲ್ಲೇ. ಬೈಂದೂರು, ಭಟ್ಕಳ, ಹೊನ್ನಾವರದ ಕಡೆ ಘಟ್ಟ ತೀರಕ್ಕೆ ಹತ್ತಿರ ಬರುವುದರಿಂದ ಬಿಸಿಲು ಮರಳಿಗೆ ತಲುಪುವುದು ಪಂಚಾಂಗದ ಸೂರ್ಯೋದಯಕ್ಕಿಂತ ಸ್ವಲ್ಪ ತಡವಾಗಿಯೇ. ಅದಕ್ಕೂ ಮೊದಲು ಕಡಲ ಮೇಲಿನ ಮೋಡಗಳಿಗೆ ಬಣ್ಣ ಹತ್ತಿರುತ್ತದೆ. ಈ ಹೊತ್ತಿನಲ್ಲಿ ತೀರದಲ್ಲಿ ಮೀನುಗಾರರು, ನಾಯಿಗಳು, ವಾಕಿಂಗಿನವರನ್ನು ಬಿಟ್ಟರೆ ಯಾರೂ ಇರುವುದಿಲ್ಲ.

ಸಂಜೆ ಬೇಡವೇ ಬೇಡ ಎನ್ನುತ್ತಿಲ್ಲ. ಆದರೆ ಸಂಜೆ ಒಮ್ಮೆಯಾದರೂ ಸೂರ್ಯನಿಗೆ ಬೆನ್ನು ಹಾಕಿ ತೆಂಗಿನ ತೋಟದ ಕಡೆಗೆ, ದಕ್ಕೆಯ ಕಡೆಗೆ, ನೋಡಲು ಬಂದವರ ಮುಖಗಳ ಕಡೆಗೆ ತಿರುಗಿ. ಎಲ್ಲರೂ ಹುಡುಕುವ ಆ ಹೊಂಬಣ್ಣ ಬಿದ್ದಿರುವುದು ಅಲ್ಲಿ.

ಕ್ಯಾಲೆಂಡರಿನಿಂದ ದಿನ ಆರಿಸುವ ಬಗೆ

1. ತಿಥಿಯಿಂದ ನೀರು ತಿಳಿಯಿರಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಉಬ್ಬರ ಇಳಿತಗಳು ಚಂದ್ರನನ್ನೇ ಹಿಂಬಾಲಿಸುವುದರಿಂದ ಒಂದು ಜಾಗದಲ್ಲಿ ಒಂದು ತಿಥಿಯಂದು ಇಳಿತ ಯಾವಾಗ ಎಂದು ಬರೆದಿಟ್ಟುಕೊಂಡರೆ ಹದಿನೈದು ದಿನದ ನಂತರವೂ ಹೆಚ್ಚುಕಡಿಮೆ ಅದೇ ಹೊತ್ತು. ವಾರ ಕಳೆದರೆ ಲೆಕ್ಕ ತಲೆಕೆಳಗು. ಹುಣ್ಣಿಮೆಯ ಸಂಜೆ ಇಳಿತವಿದ್ದಲ್ಲಿ ಅಷ್ಟಮಿಯ ಸಂಜೆ ಉಬ್ಬರ. ಫೋನಿನ ಆ್ಯಪ್‌ಗಳಲ್ಲೂ ಇದು ಸಿಗುತ್ತದೆ. ನಿಮ್ಮ ಊರಿನ ಕೈರಂಪಣಿಯವರಿಗಂತೂ ಬಾಯಿಪಾಠ.

ಇಳಿತ ಏಕೆ ಬೇಕು? ಕಡಲು ಚಪ್ಪಟೆ. ಚಿತ್ರದ ಮುಂಭಾಗದಲ್ಲಿ ಏನಾದರೂ ಇಲ್ಲದಿದ್ದರೆ ನೋಡುವವರ ಕಣ್ಣು ನಿಲ್ಲುವುದಿಲ್ಲ. ನೀರು ಇಳಿದಾಗ ಬಂಡೆ, ಸಣ್ಣ ಹೊಂಡ, ಮರಳಿನ ಗೆರೆ, ಆಕಾಶ ಮೂಡುವ ಒದ್ದೆ ಮರಳು ಎಲ್ಲ ತೆರೆದುಕೊಳ್ಳುತ್ತವೆ. ಕಾಪುವಿನ ಬಂಡೆಗಳು, ಸೋಮೇಶ್ವರದ ಬಂಡೆಗಳು ಉಬ್ಬರದಲ್ಲಿ ಒಂದು ಬಗೆ, ಇಳಿತದಲ್ಲಿ ಬೇರೆಯೇ ಊರು.

2. ತಿಂಗಳಿನಿಂದ ಸೂರ್ಯನ ಜಾಗ ತಿಳಿಯಿರಿ. ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನ ಮೂರನೇ ವಾರದ ಸುಮಾರಿಗೆ. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಅಲ್ಲಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೂ ಸರಿದಿರುತ್ತಾನೆ. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ವರ್ಷದಲ್ಲಿ ಐದು ಮುಷ್ಟಿಯಷ್ಟು ಓಡಾಟ. ದೀಪಸ್ತಂಭದ ಪಕ್ಕಕ್ಕೇ ಸೂರ್ಯ ಬರಬೇಕಾದರೆ ನೀವು ಮರಳಿನ ಮೇಲೆ ಎಲ್ಲಿ ನಿಲ್ಲಬೇಕು ಎಂಬುದು ಪ್ರತಿ ತಿಂಗಳೂ ಬದಲಾಗುತ್ತದೆ. ಮುಳುಗುವ ಹೊತ್ತೂ ಹಾಗೆಯೇ: ನವೆಂಬರಿನಲ್ಲಿ ಆರರ ಆಸುಪಾಸು, ಜುಲೈಯಲ್ಲಿ ಏಳರ ಆಸುಪಾಸು.

3. ಹುಣ್ಣಿಮೆಯ ಬೆಳಗಿನ ಜಾವಕ್ಕೆ ಅಲಾರಂ ಇಡಿ. ನಮ್ಮ ತೀರದ ಅತಿ ಚೆಂದದ ನೋಟ ಇದೇ ಎಂದು ನನ್ನ ಅಭಿಪ್ರಾಯ, ಆದರೆ ನೋಡಿದವರು ಕಡಿಮೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಸರಿಯಾಗಿ ಎದುರಿಗಿರುತ್ತಾನೆ. ಹಾಗಾಗಿ ಪೂರ್ವದಲ್ಲಿ ಬೆಳಕು ಹರಿಯುವ ಹೊತ್ತಿಗೆ ಪಶ್ಚಿಮದ ಕಡಲಿಗೆ ಇಳಿಯುತ್ತಿರುತ್ತಾನೆ. ನಡುರಾತ್ರಿಯ ಚಂದ್ರನನ್ನು ತೆಗೆದರೆ ಚಂದ್ರ ಬಿಳಿ ಬಿಲ್ಲೆ, ಉಳಿದದ್ದೆಲ್ಲ ಕಪ್ಪು. ಮುಂಜಾವಿನಲ್ಲಿ ಚಂದ್ರನ ಬೆಳಕೂ ಆಕಾಶದ ಬೆಳಕೂ ಹತ್ತಿರ ಹತ್ತಿರ ಬಂದಿರುವುದರಿಂದ ಎರಡೂ ಒಂದೇ ಚಿತ್ರದಲ್ಲಿ ಉಳಿಯುತ್ತವೆ. ಹುಣ್ಣಿಮೆಯ ದಿನ ಮತ್ತು ಮರುದಿನ, ಎರಡೂ ಬೆಳಿಗ್ಗೆ ಹೋಗಿ ನೋಡಿ. ಇನ್ನೊಂದು ಸ್ವಾರಸ್ಯ ಇದೆ: ಜೂನಿನ ಸೂರ್ಯ ಮುಳುಗುವ ಕಡೆಗೇ ಡಿಸೆಂಬರಿನ ಹುಣ್ಣಿಮೆ ಚಂದ್ರ ಮುಳುಗುತ್ತಾನೆ. ಮಳೆಗಾಲದ ಮೋಡದಲ್ಲಿ ತಪ್ಪಿಹೋದ ದೀಪಸ್ತಂಭ–ಸೂರ್ಯರ ಸಾಲುಗೂಡಿಕೆ ಚಳಿಗಾಲದಲ್ಲಿ ಚಂದ್ರನ ಜತೆ ಸಿಗುತ್ತದೆ. ಅಮಾವಾಸ್ಯೆ ಕಳೆದ ಬಿದಿಗೆ, ತದಿಗೆಯ ಸಂಜೆ ಕಡಲ ಮೇಲೆ ಎಳೆಚಂದ್ರನೂ ಉಂಟು.

4. ಮೀನುಗಾರಿಕೆಯ ಋತು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಲೆ ಹೆಣೆಯುವುದು, ಬೋಟಿಗೆ ಬಣ್ಣ ಬಳಿಯುವುದು ನಡೆಯುತ್ತಿರುತ್ತದೆ. ನಿಧಾನವಾಗಿ, ಮಾತಾಡಿಸುತ್ತಾ ಚಿತ್ರ ತೆಗೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಗಸ್ಟ್ ಬಂತೆಂದರೆ ದಕ್ಕೆಯಲ್ಲಿ ನಿಮ್ಮನ್ನು ಕೇಳುವವರಿಲ್ಲ. ಐಸ್ ತುಂಬುವ, ಬುಟ್ಟಿ ಸಾಗಿಸುವ ಗಡಿಬಿಡಿಯಲ್ಲಿ ನೀವು ಅಡ್ಡ ನಿಂತವರು ಅಷ್ಟೆ.

ತೆರೆಯನ್ನು ಹಿಡಿಯುವುದು

ಒಂದೇ ತೆರೆ ಶಟರ್ ವೇಗಕ್ಕೆ ತಕ್ಕಂತೆ ಮೂರು ರೂಪ ತಾಳುತ್ತದೆ. 1/1000 ಸೆಕೆಂಡಿನಲ್ಲಿ ಹನಿಹನಿಯೂ ಗಾಜಿನ ಚೂರಿನಂತೆ ನಿಲ್ಲುತ್ತದೆ. ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನಲ್ಲಿ, ತೆರೆ ಮರಳಿ ಹೋಗುವ ಹೊತ್ತಿಗೆ ಒತ್ತಿದರೆ, ನೊರೆ ಉದ್ದುದ್ದ ಗೆರೆಗಳಾಗುತ್ತದೆ. 20–30 ಸೆಕೆಂಡಿಗೆ ಹೋದರೆ ಕಡಲೆಲ್ಲ ಮಂಜು. ಹೊಸದಾಗಿ ಫಿಲ್ಟರ್ ಕೊಂಡವರು ಮೂರನೆಯದನ್ನೇ ಮಾಡುತ್ತಾರೆ. ನನಗೆ ಎರಡನೆಯದೇ ಇಷ್ಟ. ಅದರಲ್ಲಿ ಕಡಲು ಕಡಲಾಗಿಯೇ ಉಳಿಯುತ್ತದೆ.

ಹಗಲಿನಲ್ಲಿ ಅಷ್ಟು ಹೊತ್ತು ಶಟರ್ ತೆರೆದಿಟ್ಟರೆ ಚಿತ್ರ ಬೆಳ್ಳಗಾಗುತ್ತದೆ. ಎನ್‌ಡಿ ಫಿಲ್ಟರ್ ಬೇಕಾಗುವುದು ಅದಕ್ಕೆ. ಆರು ಸ್ಟಾಪಿನ ಫಿಲ್ಟರ್ ಬೆಳಕನ್ನು 64 ಪಟ್ಟು ಕಡಿಮೆ ಮಾಡುತ್ತದೆ. ಫಿಲ್ಟರ್ ಇಲ್ಲದೆ 1/60 ಬಂದಲ್ಲಿ ಇದರಿಂದ ಸುಮಾರು ಒಂದು ಸೆಕೆಂಡ್. ಮೊದಲ ಫಿಲ್ಟರ್ ಆಗಿ ಇದೇ ಸಾಕು. ಫಿಲ್ಟರ್ ಇಲ್ಲದವರು ಸೂರ್ಯ ಮುಳುಗಿದ ಮೇಲೆ ಕಾಯಿರಿ, ಕತ್ತಲೇ ಆ ಕೆಲಸ ಮಾಡಿಕೊಡುತ್ತದೆ. ಆದರೆ ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುವುದರಿಂದ ಸಂಜೆಗತ್ತಲು ಬೇಗ ಕವಿಯುತ್ತದೆ. ಒಳ್ಳೆಯ ನೀಲಿ ಇರುವುದು ಇಪ್ಪತ್ತು ನಿಮಿಷದ ಸುಮಾರು. ಜನ ಮನೆಗೆ ಹೊರಟ ಮೇಲೆಯೇ ಅದು ಶುರುವಾಗುವುದು.

ಟ್ರೈಪಾಡ್ ಇಟ್ಟಾಗ ಒಂದು ಮಾತು. ತೆರೆ ಹಿಂದಕ್ಕೆ ಹೋಗುವಾಗ ಕಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಟ್ರೈಪಾಡನ್ನು ಮೊದಲೇ ಒತ್ತಿ ಮರಳಿಗೆ ಇಳಿಸಿ, ಎರಡು ತೆರೆ ಬಂದುಹೋಗಲು ಬಿಟ್ಟು ಆಮೇಲೆ ಒತ್ತಿರಿ. ಒದ್ದೆ ಮರಳಿನ ಪ್ರತಿಬಿಂಬ ಬೇಕಾದರೆ ಕ್ಯಾಮೆರಾ ಮೊಣಕಾಲಿಗಿಂತ ಕೆಳಗೆ ಇರಲಿ. ನೀರಿನ ತೆಳು ಪದರ ಹೊಳೆಯುವುದು ತೆರೆ ಹೋದ ಎರಡು ಮೂರು ಕ್ಷಣ ಮಾತ್ರ, ಅಷ್ಟರೊಳಗೆ ಮರಳು ಅದನ್ನು ಕುಡಿದುಬಿಡುತ್ತದೆ.

ಹಕ್ಕಿಗಳು: ಗಾಳಿ, ನೀರು, ತಾಳ್ಮೆ

ಅಕ್ಟೋಬರಿನಿಂದ ಮಾರ್ಚ್‌ವರೆಗೆ ನಮ್ಮ ತೀರ ಅತಿಥಿಗಳಿಂದ ತುಂಬಿರುತ್ತದೆ. ಟಿಬೆಟ್ ಕಡೆಯಿಂದ ಬರುವ ಕಂದು ತಲೆಯ ಕಡಲಕ್ಕಿಗಳು, ರೀವಗಳು, ಮರಳಿನ ಮೇಲೆ ಗಾಲಿ ಕಟ್ಟಿದಂತೆ ಓಡುವ ಪುಟ್ಟ ಗೊರವಗಳು. ವರ್ಷವಿಡೀ ಇರುವವರೂ ಕಡಿಮೆಯಿಲ್ಲ: ದಕ್ಕೆಯ ಮೇಲೆ ಸುತ್ತುವ ಗರುಡ, ಬೆಳ್ಳಕ್ಕಿ, ಮಿಂಚುಳ್ಳಿ, ಅಳಿವೆಗಳ ಬಳಿ ಬಿಳಿ ಹೊಟ್ಟೆಯ ಕಡಲ ಹದ್ದು.

ಸಾಮಾನ್ಯ ದೂರು: ‘ಹಕ್ಕಿ ಯಾವಾಗಲೂ ಬೆನ್ನು ತೋರಿಸುತ್ತದೆ.’ ಇದಕ್ಕೆ ಕಾರಣ ಗಾಳಿ. ಗರಿ ಕೆದರದಿರಲೆಂದು ಹಕ್ಕಿ ಗಾಳಿಗೆ ಎದುರಾಗಿ ಕೂರುತ್ತದೆ. ರೆಕ್ಕೆಗೆ ಎತ್ತುವ ಬಲ ಸಿಗಲೆಂದು ಗಾಳಿಗೆ ಎದುರಾಗಿಯೇ ಏಳುತ್ತದೆ, ಇಳಿಯುತ್ತದೆ. ಸಂಜೆ ನಮ್ಮಲ್ಲಿ ಗಾಳಿ ಕಡಲಿನಿಂದ ನೆಲಕ್ಕೆ. ಹಾಗಾಗಿ ಹಕ್ಕಿಗಳ ಮುಖ ಕಡಲಿಗೆ, ಬೆನ್ನು ನಿಮಗೆ. ಮೇಲಾಗಿ ಬೆಳಕೂ ಎದುರಿನಿಂದ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಸೂರ್ಯನೂ ನೆಲದ ಕಡೆಗೇ ಇದ್ದಾನೆ, ನೀವು ನಿಂತಿರುವುದೂ ಅದೇ ಕಡೆ. ಹಕ್ಕಿ ನಿಮ್ಮತ್ತ ಮುಖ ಮಾಡಿ, ಬೆಳಕು ಮೈಮೇಲೆ ಬಿದ್ದು, ನಿಮ್ಮತ್ತಲೇ ಹಾರಿ ಏಳುತ್ತದೆ. ಲೆನ್ಸ್ ಬದಲಿಸುವುದಕ್ಕಿಂತ ಹೊತ್ತು ಬದಲಿಸಿದರೆ ಹೆಚ್ಚು ಲಾಭ ಎನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಎರಡನೆಯದು ನೀರು. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರುಬಯಲಿನಲ್ಲಿ ಚದುರಿಹೋಗಿರುತ್ತವೆ, ನೀವು ಅವುಗಳ ಹಿಂದೆ ನಡೆಯುತ್ತೀರಿ, ಅವು ಮುಂದೆ ನಡೆಯುತ್ತವೆ. ನೀರು ಏರುವಾಗ ಬಯಲು ಕಿರಿದಾಗುತ್ತದೆ. ಅವು ತಾವಾಗಿ ದಂಡೆಯ ಕಡೆಗೆ ಬರುತ್ತವೆ. ಏರುನೀರು ಶುರುವಾಗುವ ಮೊದಲೇ ಹೋಗಿ ಕೂರುವುದು ಜಾಣತನ. ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆ, ಕುಂದಾಪುರದ ಕೋಡಿ, ಕುಮಟಾ ಬಳಿಯ ಅಘನಾಶಿನಿ ಅಳಿವೆ ಇದಕ್ಕೆ ಹೇಳಿಮಾಡಿಸಿದ ಜಾಗಗಳು. 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಅಘನಾಶಿನಿಯಲ್ಲಂತೂ ಹಕ್ಕಿಯ ಜತೆಗೆ ಇಳಿತದಲ್ಲಿ ಬಳಚು ಹೆಕ್ಕುವವರು, ಕಗ್ಗ ಭತ್ತದ ಗಜನಿ ಗದ್ದೆಗಳು, ಕಾಂಡ್ಲಾ ಕಾಡು ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಕೆಸರಿಗೆ ಇಳಿಯಲು ಮನಸ್ಸಿಲ್ಲದವರಿಗೆ ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಕಾಲುದಾರಿಯೇ ಇದೆ.

ಹತ್ತಿರ ಹೋಗುವ ಕ್ರಮ ಹೀಗೆ:

1. ದೂರದಲ್ಲೇ ನಿಂತು ಹಕ್ಕಿಗಳು ಯಾವ ಕಡೆಗೆ ನಡೆಯುತ್ತಿವೆ ನೋಡಿ. ಅವುಗಳ ದಾರಿಯಲ್ಲಿ ಮುಂದೆ ಹೋಗಿ ಕೂರಿ, ಹಿಂದೆ ಬೀಳಬೇಡಿ.

2. ನೇರ ನಡೆಯದೆ ಓರೆಯಾಗಿ, ಬೇರೆಲ್ಲಿಗೋ ಹೋಗುವವರ ಹಾಗೆ ನಡೆಯಿರಿ. ಹಕ್ಕಿ ತಲೆಯೆತ್ತಿ ನಿಶ್ಚಲವಾದರೆ ನಿಲ್ಲಿ. ಮತ್ತೆ ಮೇಯಲು ತೊಡಗಿದ ಮೇಲೆ ಮುಂದಿನ ಹೆಜ್ಜೆ.

3. ಮರಳಿನ ಮೇಲೆ ಮಲಗಿ. ನಿಂತು ತೆಗೆದರೆ ಹಕ್ಕಿಯ ಹಿಂದೆ ಮರಳೇ ಮರಳು. ಅದರ ಕಣ್ಣಿನ ಎತ್ತರಕ್ಕೆ ಇಳಿದರೆ ಹಿನ್ನೆಲೆ ದೂರಕ್ಕೆ ಸರಿದು ಮೃದುವಾಗುತ್ತದೆ. ನಿಮ್ಮ ಆಕಾರ ಚಿಕ್ಕದಾಗುವುದರಿಂದ ಹಕ್ಕಿಯ ಅಂಜಿಕೆಯೂ ಕಡಿಮೆ.

4. ಹಾರುವ ಹಕ್ಕಿಗೆ 1/2000 ಸೆಕೆಂಡ್ ಅಥವಾ ಇನ್ನೂ ವೇಗ, ಓಡುವ ಗೊರವಕ್ಕೆ 1/1000. ಫೋಕಸ್ ನಿರಂತರ ಮೋಡ್‌ನಲ್ಲಿರಲಿ, ಗುರಿ ಕಣ್ಣಿನ ಮೇಲೆ.

5. ಬೆಳ್ಳಕ್ಕಿ ತೆಗೆಯುವಾಗ ಎಕ್ಸ್‌ಪೋಶರ್ ಕಡಿಮೆ ಮಾಡಿ. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಕಪ್ಪು ಕೆಸರಿನ ನಡುವೆ ಬಿಳಿ ಹಕ್ಕಿ ಇದ್ದರೆ ಅದು ಕೆಸರನ್ನು ಬೆಳಗಿಸಲು ಹೋಗಿ ಗರಿಗಳನ್ನು ಸುಣ್ಣ ಮಾಡುತ್ತದೆ. ಅಲ್ಲಿ ಮೈನಸ್ ಒಂದರವರೆಗೆ ಇಳಿಸಿ. ಬೆಳ್ಳನೆಯ ಆಕಾಶದಲ್ಲಿ ಹಾರುವ ಗರುಡನಿಗೆ ಇದರ ಉಲ್ಟಾ, ಪ್ಲಸ್ ಒಂದು.

ಉದ್ದ ಲೆನ್ಸ್ ಇಲ್ಲದವರು ದಕ್ಕೆಗೆ ಹೋಗಿ. ಮೀನು ಇಳಿಸುವ ಹೊತ್ತಿಗೆ ಗರುಡ, ಹದ್ದು, ಕಡಲಕ್ಕಿಗಳು ತಲೆಯ ಮೇಲೇ ಇರುತ್ತವೆ. ತೊಡಕೆಂದರೆ ಹಗ್ಗ, ಕಂಬ, ಬಾವುಟಗಳ ಗೋಜಲು. ಅದನ್ನು ತಪ್ಪಿಸಲು ಹೆಣಗುವ ಬದಲು ಅದನ್ನೇ ಚಿತ್ರದ ಭಾಗವಾಗಿಸಿ: ಬೋಟು, ಮೀನು, ಮನುಷ್ಯ, ಹಕ್ಕಿ ಒಟ್ಟಿಗೆ ಇರುವ ಚಿತ್ರ ಖಾಲಿ ಆಕಾಶದ ಹಕ್ಕಿಗಿಂತ ಹೆಚ್ಚು ಹೇಳುತ್ತದೆ.

ಒಂದು ಚಟದ ಬಗ್ಗೆ ಕಟುವಾಗಿಯೇ ಹೇಳಬೇಕು. ‘ಹಾರುವ ಶಾಟ್’ ಬೇಕೆಂದು ಕೂತ ಹಿಂಡಿನ ಮೇಲೆ ಓಡುವುದು, ಮಕ್ಕಳನ್ನು ಓಡಿಸುವುದು. ಸಾವಿರಾರು ಕಿಲೋಮೀಟರ್ ಮರಳಿ ಹಾರಲು ಅವು ಇಲ್ಲಿ ಮೈಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ. ನೀವು ಎಬ್ಬಿಸಿದ ಪ್ರತಿ ಸಲವೂ ಆ ಗಂಟು ಕರಗುತ್ತದೆ. ಅರ್ಧ ಗಂಟೆ ಕಾದರೆ ಯಾವುದೋ ನಾಯಿಗೋ ಹದ್ದಿಗೋ ಬೆದರಿ ತಾವೇ ಏಳುತ್ತವೆ, ತಯಾರಾಗಿ ಕೂತಿರಿ.

ಕಡಲಾಮೆಯ ವಿಷಯದಲ್ಲಿ ಇನ್ನೂ ಬಿಗಿ. ಆಲಿವ್ ರಿಡ್ಲಿಗಳು ಚಳಿಗಾಲದ ರಾತ್ರಿಗಳಲ್ಲಿ ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡು ಅಂಥ ಒಂದು ತಾಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಫ್ಲ್ಯಾಶ್, ಟಾರ್ಚ್ ಯಾವುದೂ ಕೂಡದು. ಮರಿಗಳು ರಾತ್ರಿ ಕಡಲನ್ನು ಗುರುತಿಸುವುದೇ ಅದರ ಮೇಲಿನ ಬೆಳಕಿನಿಂದ. ದಂಡೆಯ ಕಡೆ ಬೆಳಕು ಕಂಡರೆ ಅತ್ತ ತೆವಳಿ ದಾರಿ ತಪ್ಪುತ್ತವೆ. ಅರಣ್ಯ ಇಲಾಖೆಯವರು ಮರಿಗಳನ್ನು ಬಿಡುವ ಹೊತ್ತಿಗೆ ಅನುಮತಿ ಕೇಳಿ ಹೋಗಿ, ಇದ್ದ ಬೆಳಕಿನಲ್ಲೇ, ಅವುಗಳ ಹಿಂದೆ ನಿಂತು ತೆಗೆಯಿರಿ. ಕಡಲ ಹದ್ದಿನ ಗೂಡು ಕಂಡರೆ ಜಾಗ ಗುಟ್ಟಾಗಿರಲಿ. ಅದೇ ಗೂಡಿಗೆ ವರ್ಷ ವರ್ಷ ಮರಳುವ ಹಕ್ಕಿ ಅದು. ಫೋನಿನ ಚಿತ್ರದಲ್ಲಿ ಜಾಗದ ಗುರುತು ಸೇರಿಕೊಂಡಿರುತ್ತದೆ, ಹಂಚುವ ಮೊದಲು ಅದನ್ನು ತೆಗೆಯಿರಿ. ಕಾರವಾರದ ಕಡೆ ಡಾಲ್ಫಿನ್ ನೋಡಲು ಹೋದರೆ ದೋಣಿಯವರಿಗೆ ಅಟ್ಟಿಸಿಕೊಂಡು ಹೋಗಬೇಡಿ ಎಂದು ಮೊದಲೇ ಹೇಳಿಬಿಡಿ. ಎಂಜಿನ್ ನಿಲ್ಲಿಸಿ ಕಾದರೆ ಅವೇ ಹತ್ತಿರ ಬರುವುದೂ ಉಂಟು.

ಎಲ್ಲರೂ ತೆಗೆದ ಜಾಗಗಳನ್ನು ತೆಗೆಯುವುದು

ಕಾಪು ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಅಂದಿನಿಂದ ಅದನ್ನು ತೆಗೆಯದ ಕೋನವಿಲ್ಲ. ಆದರೂ ಸೂರ್ಯ ಮುಳುಗಿ ಕಾಲು ಗಂಟೆಯ ನಂತರ, ದೀಪ ಹೊತ್ತಿ ಆಕಾಶ ಇನ್ನೂ ನೀಲಿಯಿರುವಾಗ ಅಲ್ಲಿರುವವರು ಬೆರಳೆಣಿಕೆ. ಟ್ರೈಪಾಡಿನಲ್ಲಿ ಕೆಲವು ಸೆಕೆಂಡ್ ಶಟರ್ ತೆರೆದಿಡಿ. ದೀಪ ಎಷ್ಟು ಸೆಕೆಂಡಿಗೊಮ್ಮೆ ನಿಮ್ಮತ್ತ ಮಿನುಗುತ್ತದೆ ಎಂದು ಮೊದಲು ಎಣಿಸಿ, ಅದು ಶಟರ್ ತೆರೆದಿರುವ ಹೊತ್ತಿನೊಳಗೆ ಬರುವಂತೆ ನೋಡಿಕೊಳ್ಳಿ.

ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಕಷ್ಟ ಬೇರೆ. ದೋಣಿ ಹೋಗುವುದೂ ಬರುವುದೂ ಹಗಲಿನಲ್ಲೇ, ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ನಡುಹಗಲಿನ ಸುಡುಬಿಸಿಲಿನಲ್ಲೇ ತೆಗೆಯಬೇಕು. ಆ ಬಿಸಿಲನ್ನೇ ದುಡಿಸಿಕೊಳ್ಳಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುತ್ತಿದ್ದ ಕಾಲದ ಲಾವಾ ತಣ್ಣಗಾಗಿ ಸೀಳಿ ನಿಂತ ಕಂಬಗಳು ಅವು. ಮೇಲಿನಿಂದ ಬೀಳುವ ಬಿಸಿಲು ಕಂಬಗಳ ನಡುವಿನ ಬಿರುಕುಗಳಿಗೆ ಕಡುನೆರಳು ತುಂಬಿಸುತ್ತದೆ. ಬಣ್ಣ ತೆಗೆದು ಕಪ್ಪುಬಿಳುಪಿಗೆ ತಂದರೆ ಆ ಗೆರೆಗಳೇ ಚಿತ್ರವಾಗುತ್ತವೆ. ನೀರಿನ ಹೊಳಪು ಕಳೆಯಲು ಪೋಲರೈಸರ್ ಹಾಕಿ. ಸೂರ್ಯನಿಗೆ ಅಡ್ಡಲಾಗಿ, ಅಂದರೆ ಭುಜ ಸೂರ್ಯನ ಕಡೆಗಿರುವಂತೆ ನಿಂತಾಗ ಆಕಾಶದ ಮೇಲೆ ಅದರ ಪರಿಣಾಮ ಹೆಚ್ಚು.

ಮುರ್ಡೇಶ್ವರದ 123 ಅಡಿಯ ಶಿವನನ್ನು ಊರ ಕಡೆಯಿಂದ ಸಂಜೆ ತೆಗೆದರೆ ಸೂರ್ಯ ಹಿಂದಿರುತ್ತಾನೆ, ಬರೀ ಆಕಾರ ಬರುತ್ತದೆ. ಅದು ಬೇಕೆಂದರೆ ಸರಿ, ಮುಖದ ವಿವರ ಬೇಕೆಂದರೆ ಬೆಳಿಗ್ಗೆ ಹೋಗಿ. ಆ ಎತ್ತರ ಚಿತ್ರದಲ್ಲಿ ತಿಳಿಯಬೇಕಾದರೆ ಎಲ್ಲೋ ಒಂದು ಕಡೆ ಮನುಷ್ಯನಿರಲಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಎಂಬುದು ರಸ್ತೆಯಲ್ಲಿ ನಿಂತರೆ ಚಿತ್ರಕ್ಕೆ ಬರುವುದೇ ಇಲ್ಲ; ಎತ್ತರದ ಜಾಗ ಬೇಕು. ಅದಿಲ್ಲದವರು ಹೊಳೆಯನ್ನೇ ಬೆಳಿಗ್ಗೆ ಬೇರೆಯಾಗಿ ತೆಗೆಯಲಿ. ಕುಮಟಾ ಬಳಿಯ ಮಿರ್ಜಾನ್ ಕೋಟೆಗೆ ಮಳೆಗಾಲವೇ ಸರಿ. ಒದ್ದೆಯಾದ ಕೆಂಪುಕಲ್ಲಿನ ಬಣ್ಣ ಗಾಢವಾಗಿ, ಮೇಲೆ ಪಾಚಿಯ ಹಸಿರು ಹತ್ತಿ, ಮೋಡದ ಮೆದು ಬೆಳಕಿನಲ್ಲಿ ನೆರಳಿನ ಕಾಟವೂ ಇರುವುದಿಲ್ಲ. ಪುರಾತತ್ವ ಇಲಾಖೆಯ ಜಾಗವಾದ್ದರಿಂದ ಟ್ರೈಪಾಡ್ ಇಡುವ ಮೊದಲು ಕೇಳಿ. ದೇವಸ್ಥಾನಗಳ ಒಳಗಂತೂ ಫಲಕ ಇರಲಿ ಬಿಡಲಿ, ಕೇಳದೆ ಕ್ಯಾಮೆರಾ ತೆಗೆಯಬೇಡಿ.

ಫೋನ್ ಮಾತ್ರ ಇರುವವರಿಗೆ

ಮೊದಲು ಲೆನ್ಸ್ ಒರೆಸಿ. ತೀರದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಉಪ್ಪಿನ ತೆಳು ಪದರ ಕೂತು ಚಿತ್ರವೆಲ್ಲ ಮಬ್ಬು. ಪರದೆಯಲ್ಲಿ ಸೂರ್ಯನ ಪಕ್ಕದ ಆಕಾಶವನ್ನು ಒತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್ ಅಲ್ಲೇ ಬಿಗಿಯಾಗುತ್ತವೆ. ನಂತರ ಬೆರಳನ್ನು ಕೆಳಗೆ ಜಾರಿಸಿ ಸ್ವಲ್ಪ ಕತ್ತಲು ಮಾಡಿ. ಆಕಾಶದ ಬಣ್ಣ ಮರಳಿ ಬರುತ್ತದೆ. ಎರಡು ಬೆರಳಿನಲ್ಲಿ ಹಿಗ್ಗಿಸಿ ಹಕ್ಕಿ ತೆಗೆಯುವ ಆಸೆ ಬಿಡಿ. ಫೋನಿಗೆ ಒಗ್ಗುವುದು ಹತ್ತಿರದ ವಸ್ತು ಮತ್ತು ವಿಶಾಲ ನೋಟ: ಏಡಿ ಮರಳುಂಡೆಗಳಿಂದ ಬಿಡಿಸಿದ ಚಿತ್ತಾರ, ಬಲೆಯ ಗಂಟು, ಕಂಬಳಿಯಂತೆ ಹರಡಿದ ಮಳೆಮೋಡ.

ಸಾಮಾನ್ಯ ತಪ್ಪುಗಳು

ಕ್ಷಿತಿಜ ಓರೆಯಾಗುವುದು ಮೊದಲನೆಯದು. ಬೆಟ್ಟದ ಚಿತ್ರದಲ್ಲಿ ಎರಡು ಡಿಗ್ರಿ ವಾಲಿದರೆ ಯಾರಿಗೂ ತಿಳಿಯದು, ಕಡಲಿನಲ್ಲಿ ನೀರೆಲ್ಲ ಒಂದು ಕಡೆ ಸುರಿದುಹೋದಂತೆ ಕಾಣುತ್ತದೆ. ಕ್ಯಾಮೆರಾದಲ್ಲಿ ಗ್ರಿಡ್ ಹಾಕಿಡಿ. ಅದೇ ಕ್ಷಿತಿಜ ಮನುಷ್ಯರ ಕತ್ತಿನ ಮಟ್ಟದಲ್ಲಿ ಹಾದುಹೋಗುವುದೂ ಬೇಡ; ನೀವು ಸ್ವಲ್ಪ ಬಗ್ಗಿ ಅಥವಾ ಏರಿ ಅದನ್ನು ತಪ್ಪಿಸಿ.

ಆಕಾಶದಲ್ಲಿ ಏನೂ ಇಲ್ಲದ ದಿನವೂ ಮುಕ್ಕಾಲು ಚಿತ್ರ ಆಕಾಶಕ್ಕೇ ಕೊಡುವುದು, ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾ ಚೀಲಕ್ಕೆ ಸೇರುವುದು, ಆಮೇಲೆ ಮನೆಯಲ್ಲಿ ಕೂತು ಬಣ್ಣವನ್ನು ಎಳೆದೆಳೆದು ಕಡಲನ್ನು ರಂಗಿನ ಶರಬತ್ತು ಮಾಡುವುದು ಇನ್ನುಳಿದವು. ಮೀನು ಮಾರುವ ಮಹಿಳೆಯರನ್ನು ದೂರದಿಂದ ಕದ್ದು ತೆಗೆಯುವುದನ್ನೂ ಇದೇ ಪಟ್ಟಿಗೆ ಸೇರಿಸುತ್ತೇನೆ. ‘ಅಕ್ಕಾ, ಒಂದು ಫೋಟೋ ತೆಗೆಯಲಾ?’ ಎಂದು ಕೇಳಿದರೆ ಹೆಚ್ಚೆಂದರೆ ಬೇಡ ಎಂದಾರು. ಒಪ್ಪಿದವರಿಗೆ ಮುಂದಿನ ವಾರ ಒಂದು ಪ್ರಿಂಟ್ ಒಯ್ದು ಕೊಡಿ. ನೀವು ಊರಿನವರು, ಮತ್ತೆ ಅಲ್ಲಿಗೇ ಹೋಗುವವರು.

ಎಚ್ಚರಿಕೆಗಳು

ಬಂಡೆಯ ಮೇಲೆ ನಿಲ್ಲುವ ಮೊದಲು ಹತ್ತು ನಿಮಿಷ ದೂರದಿಂದ ತೆರೆಗಳನ್ನು ನೋಡಿ. ಎಲ್ಲ ತೆರೆಗಳೂ ಒಂದೇ ಎತ್ತರಕ್ಕೆ ಬರುವುದಿಲ್ಲ. ನಡುನಡುವೆ ದೊಡ್ಡವು ಬರುತ್ತವೆ. ಅವು ಒದ್ದೆ ಮಾಡಿದ ಗುರುತಿಗಿಂತ ಮೇಲೆಯೇ ನಿಲ್ಲಿ. ಕಪ್ಪಾಗಿ ಹೊಳೆಯುವ ಬಂಡೆ ಎಂದರೆ ಪಾಚಿ. ಇಳಿತದಲ್ಲಿ ನಡೆದು ಹೋದ ಬಂಡೆ ಏರುನೀರಿನಲ್ಲಿ ದ್ವೀಪವಾಗುತ್ತದೆ. ಕ್ಯಾಮೆರಾದಲ್ಲಿ ಕಣ್ಣು ನೆಟ್ಟವರಿಗೆ ಹಿಂದಿನ ದಾರಿ ಮುಚ್ಚಿದ್ದು ತಿಳಿಯುವುದಿಲ್ಲ. ಅಳಿವೆಯ ಬಾಯಿಯಲ್ಲಿ ನೀರು ಮೊಣಕಾಲಷ್ಟೇ ಕಂಡರೂ ಇಳಿಯಬೇಡಿ, ಸೆಳೆತ ಬಲವಾಗಿರುತ್ತದೆ. ಮಳೆಗಾಲದಲ್ಲಿ ಇಲಾಖೆಯವರು ಕಡಲಿಗೆ ಇಳಿಯಬೇಡಿ ಎಂದು ಕಟ್ಟಿದ ಹಗ್ಗದ ಆಚೆಗೆ ಯಾವ ಚಿತ್ರವೂ ಇಲ್ಲ. ಗುಡುಗು ಕೇಳಿಸಿದರೆ ಟ್ರೈಪಾಡ್ ಮಡಚಿ ಸೂರಿನ ಕೆಳಗೆ ಸೇರಿ. ಬಯಲಿನಲ್ಲಿ ಅತಿ ಎತ್ತರದವರು ನೀವೇ ಆಗಿರುತ್ತೀರಿ.

ಡ್ರೋನ್ ಇದ್ದವರು 2021ರ ಡ್ರೋನ್ ನಿಯಮಗಳನ್ನು ಓದಿ, ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗದ ಬಣ್ಣ ನೋಡಿಯೇ ಹಾರಿಸಿ. 250 ಗ್ರಾಂ ಒಳಗಿನ ಡ್ರೋನ್ ಆದರೂ ಕೆಂಪು ವಲಯ ಕೆಂಪು ವಲಯವೇ. ಕಾರವಾರದ ನೌಕಾನೆಲೆ, ಬಜಪೆ ವಿಮಾನ ನಿಲ್ದಾಣ, ಪಣಂಬೂರಿನ ಬಂದರು ಇವೆಲ್ಲ ನಮ್ಮ ಇದೇ ತೀರದಲ್ಲಿವೆ ಎಂಬುದು ನೆನಪಿರಲಿ. ಡ್ರೋನ್ ಇಲ್ಲದಿದ್ದರೂ ಕಾಂಪೌಂಡಿನ ಮೇಲೆ ‘ಛಾಯಾಗ್ರಹಣ ನಿಷೇಧಿಸಿದೆ’ ಎಂದಿದ್ದರೆ ಕ್ಯಾಮೆರಾ ಅತ್ತ ತಿರುಗಿಸಬೇಡಿ.

ಮನೆಗೆ ಬಂದ ಮೇಲೆ

ಕ್ಯಾಮೆರಾಗಳನ್ನು ನಮ್ಮ ಕರಾವಳಿಯಲ್ಲಿ ಕೆಡಿಸುವುದು ಉಪ್ಪು, ಮರಳು ಮತ್ತು ಬೂಷ್ಟು. ಮೂರಕ್ಕೂ ಅದೇ ರಾತ್ರಿ ಮದ್ದು ಮಾಡಬೇಕು, ನಾಳೆಗೆ ಇಟ್ಟರೆ ಉಪ್ಪು ಲೋಹಕ್ಕೆ ಕಚ್ಚಿರುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಮರಳು ಹಾರಿಸಿ. ಅದಕ್ಕೆ ಮೊದಲು ಬಟ್ಟೆ ಮುಟ್ಟಿಸಿದರೆ ಮರಳೇ ಗಾಜನ್ನು ಗೀರುತ್ತದೆ. ನಂತರ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಕೊನೆಗೆ ಒಣಬಟ್ಟೆ. ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ನಲ್ಲಿಯ ಕೆಳಗೆ ತೊಳೆಯಿರಿ. ತೀರದಲ್ಲಿ ನಿಂತು ಲೆನ್ಸ್ ಬದಲಿಸುವ ಅಭ್ಯಾಸ ಇಟ್ಟುಕೊಳ್ಳಬೇಡಿ. ಎಸಿ ಕಾರಿನಿಂದ, ಎಸಿ ಕೋಣೆಯಿಂದ ಹೊರಗೆ ತಂದ ಲೆನ್ಸಿಗೆ ತಕ್ಷಣ ಮಂಜು ಹತ್ತುತ್ತದೆ. ಚೀಲ ಮುಚ್ಚಿಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಬೂಷ್ಟಿನದ್ದು ಮಳೆಗಾಲದ ಕತೆ. ಕ್ಯಾಮೆರಾ ಚೀಲದಲ್ಲೇ ಇಟ್ಟು ಕಪಾಟು ಮುಚ್ಚಿದರೆ ಆಗಸ್ಟ್ ಹೊತ್ತಿಗೆ ಲೆನ್ಸಿನೊಳಗೆ ಬಿಳಿ ಬಲೆ ಮೂಡಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ, ವಾರಕ್ಕೊಮ್ಮೆ ಹೊರತೆಗೆದು ಬಳಸಿ. ಅಕ್ಕಿ ಡಬ್ಬಿಯಲ್ಲಿ ಇಡುವ ಉಪಾಯ ಬೇಡ, ಅಕ್ಕಿಯ ಹುಡಿ ಸಂದುಗಳಿಗೆ ಸೇರುತ್ತದೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ವಿಷಕಾರಿಯಾದ್ದರಿಂದ ಅಡುಗೆಗೆ ಬಳಸದ ಹಳೆಯ ಬಾಣಲೆ ಅದಕ್ಕೆಂದೇ ಬೇರೆ ಇಟ್ಟುಕೊಳ್ಳಿ.